ಕಾಲು ಜಾರಿ ಬಿದ್ದವರು

ಮತ್ತೆ ಹಾರಿತು, ಮುಂದಿರುವ ಮೀನಿನ ಲಾರಿಯ ಐಸ್ ನೀರು, ಅದರೊಟ್ಟಿಗೆ ಬಂದ ಮೀನಿನ ಹುರುಪೆ ಎರಡು ಮೂರು ಗಾಜಿಗೆ ಅಂಟಿಕೊಂಡು ಹತ್ತು ಗಂಟೆಯ ಬಿಸಿಲಿಗೆ ಮಿನುಗುತ್ತಿವೆ, ಶಿವಾನಂದ ವೈಪರ್ ಹಾಕಿದ, ಅದು ಒರೆಸಲಿಲ್ಲ, ಬಳಿಯಿತು, ಓವರ್‌ಟೇಕ್ ಮಾಡಿ ಶಿವಾನಂದ್ರೇ ಅಂದೆ, ಮಾಡ್ತೆ ಮೇಡಂ, ತಿರುವು ಮುಗೀಲಿ ಅಂದ — ಇಪ್ಪತ್ತೆರಡು ವರ್ಷದ ಪೊಲೀಸ್ ಕೆಲಸದಲ್ಲಿ ತಿರುವಿನಲ್ಲಿ ಒಮ್ಮೆಯೂ ಓವರ್‌ಟೇಕ್ ಮಾಡದ ಹೆಡ್ ಕಾನ್‌ಸ್ಟೇಬಲ್, ಸೋಮವಾರದಿಂದ ನನ್ನ ಮುಖ ನೋಡಿ ಮಾತಾಡದ ಮನುಷ್ಯ. ಕಾರವಾರ ಹಿಂದೆ ಉಳಿಯಿತು, ಅಂಕೋಲೆ ಇನ್ನೂ ಮುಂದಿದೆ, ಎಡಕ್ಕೆ ಹೆದ್ದಾರಿಗಾಗಿ ಕಡಿದ ಗುಡ್ಡದ ಕೆಂಪು ಮೈ, ಬಲಕ್ಕೆ ಸಮುದ್ರ ಬಂದು ಬಂದು ಮರೆಯಾಗುತ್ತಿದೆ. ಬಲಗೈಯನ್ನು ಮುಷ್ಟಿ ಮಾಡಲು ನೋಡುತ್ತೇನೆ, ಆಗುತ್ತಿಲ್ಲ, ಬೆರಳ ಗೆಣ್ಣುಗಳು ಬಾತು ಹಲಸಿನ ಬೀಜದಷ್ಟಾಗಿವೆ, ನಡುಬೆರಳಿನ ಗಾಯದಲ್ಲಿ ಕೀವು, ಅದು ಆ ಹುಡುಗನ ಹಲ್ಲು ನಾಟಿದ ಜಾಗ, ಹುಡುಗ ಅನ್ನಬಾರದು, ಆರೋಪಿ, ಆರೋಪಿ ರವಿಕಿರಣ, ಪ್ರಾಯ ಇಪ್ಪತ್ತೇಳು, ರಿಕ್ಷಾ ಚಾಲಕ, ಕೋಡಿಬಾಗ, ಎಡಗಣ್ಣು ಇಲ್ಲ. ಉಳಿಸಲಿಕ್ಕೆ ಆಗಲಿಲ್ಲ ಎಂದು ಡಾಕ್ಟರು ಇವತ್ತು ಬೆಳಿಗ್ಗೆ ಹೇಳಿದರು, ಬಿದ್ದ ಕಲ್ಲು ಚೂಪಾಗಿತ್ತೇನೋ ಮೇಡಂ ಅಂದರು, ಹೌದು ಡಾಕ್ಟ್ರೇ, ಚೂಪಾಗಿತ್ತು ಅಂದೆ, ನನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ, ಡಾಕ್ಟರು ನನ್ನ ಬೆನ್ನ ಹಿಂದೆ ನೋಡಲಿಲ್ಲ, ಯಾರೂ ನೋಡುವುದಿಲ್ಲ, ಸಮವಸ್ತ್ರದ ಬೆನ್ನ ಹಿಂದೆ ಏನಿದೆ ಎಂದು ನೋಡುವ ರೂಢಿ ಯಾರಿಗೂ ಇಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಇಳಿತ, ಕೋಡಿಬಾಗದಲ್ಲಿ ಕಾಳಿ ನದಿ ಹಿಂದೆ ಸರಿದು ಕೆಸರನ್ನು ಬಿಟ್ಟುಕೊಟ್ಟಿತ್ತು, ಕೆಸರಿನ ಜೊತೆಗೆ ಅವಳನ್ನೂ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಮುಖ ಮೇಲಾಗಿ, ಒಂದು ಕೈ ಬೇರಿಗೆ ಸಿಕ್ಕಿ ಮೇಲೆದ್ದಿತ್ತು, ಬಸ್ಸಿಗೆ ಕೈ ಮಾಡಿದ ಹಾಗೆ. ಪ್ರೇಕ್ಷಾ, ಇಪ್ಪತ್ನಾಲ್ಕು ವರ್ಷ, ಊರು ಅಂಕೋಲೆಯ ಬೆಳಂಬಾರ, ಕಾರವಾರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ, ತಲೆಯ ಹಿಂಭಾಗ ಒಡೆದಿತ್ತು, ಏಡಿಗಳು ನಮಗಿಂತ ಮೊದಲೇ ಬಂದು ತುಟಿಯಿಂದ ಶುರುಮಾಡಿದ್ದವು. ನಾನು ಮೊಣಕಾಲೂರಿ ಏಡಿ ತೆಗೆದೆ, ಒಂದು, ಇನ್ನೊಂದು, ಮೂರನೆಯದು ಬಿಡಲೊಲ್ಲದು, ಕಿತ್ತೆ, ತುಟಿಯ ಚೂರು ಅದರ ಕೊಂಬಿನಲ್ಲೇ ಬಂತು, ಆಗಲೇ ನನ್ನೊಳಗೆ ಅದು ಎದ್ದಿತ್ತು, ಆ ಬಿಸಿ, ಹೊಟ್ಟೆಯಿಂದ ಕಿವಿಗೆ ಏರುವುದು, ಇನ್ನು ಯಾರಾದರೂ ಸಿಗಬೇಕು, ಸಿಕ್ಕಿದರೆ ಸಾಕು ಅನ್ನುವುದು. ಸಿಕ್ಕಿದ. ಅವಳ ಫೋನು ರವಿಕಿರಣನ ರಿಕ್ಷಾದಲ್ಲಿ ಸಿಕ್ಕಿತು, ಕರೆಯಲು ಹೋದರೆ ಓಡಿದ, ಪೊಲೀಸರನ್ನು ಕಂಡು ಓಡದವರು ಯಾರಿದ್ದಾರೆ, ಅದನ್ನೂ ಯೋಚಿಸಲಿಲ್ಲ, ನದಿದಂಡೆಯ ಕಲ್ಲುಗಳ ಮೇಲೆ ಅವನನ್ನು ಕೆಡವಿ ಕೈಕೋಳವನ್ನು ಮುಷ್ಟಿಗೆ ಸುತ್ತಿಕೊಂಡೆ. ಹಾಂವ್ ನ್ಹಂಯ್ ಬಾಯ್, ಹಾಂವ್ ನ್ಹಂಯ್, ನಾನಲ್ಲ ಮೇಡಂ ನಾನಲ್ಲ, ಭಾನುವಾರ ಅವಳು ಊರಿಗೆ ಹೋದಳು, ನಾನೇ ಬಸ್ಸು ಹತ್ತಿಸಿದ್ದು, ಮದುವೆ ನೋಂದಣಿಗೆ ಕೊಟ್ಟಿದ್ದೇವೆ, ಅಮ್ಮನಿಗೆ ಹೇಳಿ ಬರ್ತೇನೆ ಅಂದಳು, ಅಣ್ಣ ಫೋನ್ ಮಾಡಿ ಮಾಡಿ ಬೈತಾನೆ ಅಂತ ಫೋನು ನನ್ನ ಹತ್ರ ಬಿಟ್ಟಳು — ಒಂದೊಂದು ಮಾತಿಗೂ ಒಂದೊಂದು ಏಟು, ಯಾವ ಮಾತಿಗೆ ಹಲ್ಲು ಹೋಯಿತು, ಯಾವ ಮಾತಿಗೆ ಕಣ್ಣು, ನನಗೆ ಗೊತ್ತಿದೆ, ಅಮ್ಮನಿಗೆ ಹೇಳಿ ಬರ್ತೇನೆ ಅಂದಳು ಎಂಬಲ್ಲಿಗೆ ಕಣ್ಣು. ಹಸಿ ಮೊಟ್ಟೆ ಒಡೆದ ಹಾಗೆ ಕೈಗೆ ತಾಗಿತು. ಆಮೇಲೆ ಅವನು ಒಪ್ಪಿಕೊಂಡ, ಹೌದು ನಾನೇ ಅಂದ, ನೀರು ಕೊಡಿ ಅಂದ. ಶಿವಾನಂದ ವರದಿ ಬರೆದ, ಓಡುವಾಗ ಕಾಲು ಜಾರಿ ಕಲ್ಲಿನ ಮೇಲೆ ಬಿದ್ದು ಗಾಯಗೊಂಡಿರುತ್ತಾನೆ, ಬರೆದು ನನ್ನ ಮುಂದಿಟ್ಟು ಕಿಟಕಿಯ ಹೊರಗೆ ನೋಡುತ್ತ ನಿಂತ, ನಾನು ಎಡಗೈಯಲ್ಲಿ ಸಹಿ ಮಾಡಿದೆ.

ಕಾಲು ಜಾರಿ. ಆ ಎರಡು ಶಬ್ದ ನನ್ನ ಬಾಯಿಂದ ಮೊದಲು ಹೊರಟಾಗ ನನಗೆ ಹನ್ನೆರಡು. ಭಾವಿಕೇರಿಯ ಮನೆ, ಹಿತ್ತಿಲ ಬಾವಿಕಟ್ಟೆ, ಬೆಳಿಗ್ಗೆಯೇ ಕುಡಿದಿದ್ದ ಅಪ್ಪ ಅವ್ವನ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಕಟ್ಟೆಯ ಕಲ್ಲಿಗೆ, ಒಮ್ಮೆ, ಎರಡು ಸಲ, ಅವ್ವ ಮೊದಲನೆಯದಕ್ಕೆ ಕೂಗಿದಳು, ಎರಡನೆಯದಕ್ಕೆ ನನ್ನನ್ನು ನೋಡಿದಳು, ಮೂರನೆಯದಕ್ಕೆ ಏನೂ ಇಲ್ಲ. ಅಂಕೋಲೆಯಿಂದ ಬಂದ ಪೊಲೀಸಿನವನು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ, ಎಂತ ಆಯ್ತು ತಂಗೀ, ನೀ ಕಂಡದ್ದು ಹೇಳು, ಹೆದರ್ಬೇಡ. ಅಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ, ನಶೆ ಇಳಿದಿತ್ತು, ಇವನೂ ಹೋದರೆ ನನಗೆ ಯಾರು ಅಂದುಕೊಂಡೆನೋ, ಏನೂ ಅಂದುಕೊಳ್ಳಲಿಲ್ಲವೋ, ಅವ್ವ ಕಾಲು ಜಾರಿ ಬಿದ್ಲು ಅಂದೆ. ಅಂದಿನಿಂದ ಅಪ್ಪ ಕುಡಿಯಲಿಲ್ಲ, ಒಂದು ತೊಟ್ಟೂ ಇಲ್ಲ, ಶಾಲೆಗೆ ಕಳಿಸಿದ, ಕಾಲೇಜಿಗೆ ಕಳಿಸಿದ, ದಿನಾ ಬೆಳಿಗ್ಗೆ ನನ್ನ ತಲೆ ಬಾಚಿ ಜಡೆ ಹೆಣೆದ, ಅದೇ ಕೈ, ಮೂರೆಳೆ ತೆಗೆದು ಬಿಗಿಯಾಗಿ, ನೋಯ್ತದಾ ಮಗಾ ಎಂದು ಕೇಳುತ್ತ, ನಾನು ಇಲ್ಲ ಅಪ್ಪಾ ಅನ್ನುತ್ತ. ಪಿಎಸ್‌ಐ ಆದ ದಿನ ತಲೆಗೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡೆ. ಆರು ವರ್ಷದ ಹಿಂದೆ ಅವನು ಸತ್ತ, ಹಾಸಿಗೆಯಲ್ಲಿ, ನನ್ನ ಕೈ ಹಿಡಿದು, ಒಳ್ಳೆಯ ಸಾವು ಎಂದು ಊರೆಲ್ಲ ಹೇಳಿತು. ಹೆಂಡತಿಗೆ ಹೊಡೆದವನು ಯಾವನೇ ಸ್ಟೇಶನ್ನಿಗೆ ಬರಲಿ, ಅವನು ನನ್ನ ಕೈಗೆ ಸಿಗದಂತೆ ಶಿವಾನಂದ ನೋಡಿಕೊಳ್ಳುತ್ತಾನೆ, ನಾಲ್ಕು ವರ್ಷದಿಂದ ಅವನ ಮುಖ್ಯ ಡ್ಯೂಟಿಯೇ ಅದು, ಸೋಮವಾರ ಅವನು ಹೆಣದ ಹತ್ತಿರ ನಿಂತಿದ್ದ, ತಡವಾಗಿ ಓಡಿ ಬಂದ.

ಲಾರಿಯನ್ನು ದಾಟಿದೆವು. ಹಟ್ಟಿಕೇರಿಯೂ ದಾಟಿತು. ಸೋಮವಾರ ಶವ ಗುರುತಿಸಲು ಆಸ್ಪತ್ರೆಗೆ ಬಂದವರು ಇಬ್ಬರು, ಅಣ್ಣ ಕುಮಾರ, ಸಾಮಾನು ಸಾಗಿಸುವ ಸ್ವಂತ ಟೆಂಪೋ ಓಡಿಸುವವನು, ತಾಯಿ ನಾಗಮ್ಮ. ಮೂರು ವಾರದಿಂದ ಮನೆ ಬದಿಗೇ ಬರಲಿಲ್ಲ ಮೇಡಂ, ಫೋನೂ ಎತ್ತೂದಿಲ್ಲಾಗಿತ್ತು ಅಂದ ಕುಮಾರ, ತಾಯಿ ತಲೆಯಾಡಿಸಿದಳು. ಮೈತುಂಬ ಬಿಳಿ ಬಟ್ಟೆ ಹೊದಿಸಿತ್ತು, ಮುಖವಷ್ಟೇ ಕಾಣುತ್ತಿತ್ತು, ಹೇಗೆ ಸತ್ತಳೆಂದು ನಾವಿನ್ನೂ ಹೇಳಿರಲಿಲ್ಲ, ನದಿಯಲ್ಲಿ ಸಿಕ್ಕಿದಳು ಎಂದಷ್ಟೇ ಹೇಳಿದ್ದು. ನಾಗಮ್ಮ ಏಡಿ ತಿಂದ ತುಟಿಯನ್ನು ನೋಡಲಿಲ್ಲ, ಕೂಗಲಿಲ್ಲ, ನೇರವಾಗಿ ಮಗಳ ತಲೆಯ ಕೆಳಗೆ ಅಂಗೈ ತೂರಿಸಿ, ಒಡೆದ ಜಾಗಕ್ಕೇ, ಕೂಸಿನ ನೆತ್ತಿಗೆ ಎಣ್ಣೆ ಇಡುವ ಹಾಗೆ ಇಟ್ಟಳು. ನಾನು ನೋಡಿದೆ. ನೋಡಿಯೂ ನನಗೆ ಕಾಣಲಿಲ್ಲ, ನನ್ನ ಕೈ ಸಿಡಿಯುತ್ತಿತ್ತು, ಹೊರಗೆ ನನ್ನ ಆರೋಪಿ ಒಪ್ಪಿಕೊಂಡಾಗಿತ್ತು. ಇವತ್ತು ಬೆಳಿಗ್ಗೆ ಶವಪರೀಕ್ಷೆಯ ವರದಿ ಬಂತು, ಶ್ವಾಸಕೋಶದಲ್ಲಿ ನೀರಿಲ್ಲ, ನದಿಗೆ ಹಾಕುವ ಮೊದಲೇ ಸತ್ತಿದ್ದಾಳೆ, ಕೂದಲಿನ ಬುಡದಲ್ಲಿ ಸಿಕ್ಕಿಕೊಂಡ ಸೆಗಣಿಯ ಚೂರು. ಸೆಗಣಿ. ಕೋಡಿಬಾಗದ ನದಿದಂಡೆಯಲ್ಲಿ ಸೆಗಣಿ ಸಾರಿಸಿದ ಅಂಗಳ ಎಲ್ಲಿಂದ ಬರಬೇಕು, ಆಗ ಅಂಗೈ ಕಂಡಿತು, ನಾಗಮ್ಮನ ಅಂಗೈ, ತಡವರಿಸದೆ ಹೋಗಿ ಗಾಯವನ್ನು ಮುಟ್ಟಿದ್ದು. ಡಿವೈಎಸ್‌ಪಿ ಗುರುಪ್ರಸಾದ ಸಾಹೇಬರಿಗೆ ಫೋನು ಮಾಡಿದೆ. ವಿನುತಾ, ಆರೋಪಿ ಒಪ್ಪಿಕೊಂಡಾಗಿದೆ, ನೀನೇ ಒಪ್ಪಿಸಿದ್ದು, ಈಗ ಅವನಲ್ಲ ಅಂದರೆ ಅವನ ಕಣ್ಣಿಗೆ ಯಾರು ಉತ್ತರ ಕೊಡ್ತಾರೆ, ಸ್ವಲ್ಪ ಯೋಚನೆ ಮಾಡು ಅಂದರು. ಯೋಚನೆ ಮಾಡಿದೆ ಸಾರ್ ಅಂದೆ, ಜೀಪು ಹತ್ತಿದೆ. ಶಿವಾನಂದ ಎಲ್ಲಿಗೆ ಎಂದು ಕೇಳಲಿಲ್ಲ, ಬೆಳಂಬಾರ ಅಂದಾಗ ಮಾತ್ರ ಉಸಿರು ಬಿಟ್ಟ, ಮೂರು ದಿನದಿಂದ ಹಿಡಿದಿಟ್ಟದ್ದನ್ನು ಬಿಟ್ಟ ಹಾಗೆ.

ಮನೆ ಗದ್ದೆಯ ಅಂಚಿಗೆ, ಟೆಂಪೋ ತೆಂಗಿನ ಮರದ ಕೆಳಗೆ, ಅದರ ಹಿಂಭಾಗವನ್ನು ಯಾರೋ ತೊಳೆದಿದ್ದಾರೆ, ಹಲಗೆಯ ಸಂದಿಯಲ್ಲಿ ನೊಣ. ಅಂಗಳಕ್ಕೆ ಹೊಸದಾಗಿ ಸೆಗಣಿ ಸಾರಿಸಿದೆ, ಬೆರಳಿನ ಕಮಾನು ಕಮಾನು ಗುರುತು ಇನ್ನೂ ಎದ್ದು ಕಾಣುತ್ತಿದೆ, ಜಗಲಿಗೆ ಹತ್ತುವ ಮೆಟ್ಟಿಲ ಕಲ್ಲಿನ ಸುತ್ತ ಮಾತ್ರ ಎರಡು ಮೂರು ಪದರ ದಪ್ಪಕ್ಕೆ. ನಾಗಮ್ಮ ಜಗಲಿಯ ಮೇಲೆ ಮೊರದಲ್ಲಿ ರೇಶನ್ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಾಳೆ, ನಮ್ಮನ್ನು ನೋಡಿದಳು, ಕೈ ನಿಲ್ಲಲಿಲ್ಲ. ಮಗ ಎಲ್ಲಿ ನಾಗಮ್ಮಾ. ಇಲ್ಲ ಅಮಾ, ಪ್ಯಾಟಿಗೆ ಹೋಯ್ದ. ಟೆಂಪೋ ಇಲ್ಲೇ ಅದೆಯಲ್ಲ. ಅವಳು ಉತ್ತರ ಕೊಡುವ ಮೊದಲೇ ಮನೆಯ ಮಗ್ಗುಲಿಂದ ಬಂತು, ಅವನಲ್ಲ, ಮೊದಲು ಕತ್ತಿಯೇ ಬಂದದ್ದು, ತೆಂಗಿನ ಗರಿ ಕಡಿಯುವ ಬಾಗಿದ ಕತ್ತಿ, ಬಿಸಿಲು ಅದರ ಮೇಲೆ ಒಮ್ಮೆ ಹೊಳೆದದ್ದನ್ನು ನಾನು ನೋಡಿದೆ, ಶಿವಾನಂದ ನನ್ನನ್ನು ತಳ್ಳಿ ಕೈ ಅಡ್ಡ ಒಡ್ಡಿದ, ಹಸಿ ಗರಿ ಕಡಿದಂಥದೇ ಸದ್ದು, ಮುಂಗೈ ತೆರೆದುಕೊಂಡಿತು, ಒಳಗೆ ಬಿಳಿ ಕಂಡಿತು, ಆಮೇಲೆ ರಕ್ತ, ರಕ್ತ ಯಾವಾಗಲೂ ಒಂದು ಕ್ಷಣ ತಡವಾಗಿಯೇ ಬರುತ್ತದೆ, ಬಂದಾಗ ಜಗಲಿಯವರೆಗೂ ಹಾರಿತು. ಪಿಸ್ತೂಲಿಗೆ ಕೈ ಹಾಕಿದೆ, ಬಲಗೈ, ಈ ಬಾತ ಬಲಗೈ, ಬೆರಳು ಮಡಚಲಿಲ್ಲ, ಹಿಡಿ ಜಾರಿತು, ಎಡಗೈಗೆ ತೆಗೆದುಕೊಳ್ಳುವಷ್ಟರಲ್ಲಿ ಕತ್ತಿ ಇನ್ನೊಮ್ಮೆ ಎದ್ದಿತ್ತು, ನನ್ನ ಭುಜಕ್ಕೆ ಅದರ ತುದಿ ತಾಗಿತು, ತಣ್ಣಗೆ, ಮೊದಲ ಗುಂಡು ಹೆಂಚಿಗೆ, ಹೆಂಚು ಒಡೆದು ಉದುರಿತು, ಎರಡನೆಯದು ಅವನ ಮೊಣಕಾಲಿಗೆ. ಕುಮಾರ ಜಗಲಿಯ ಅಂಚಿನ ಮೇಲೆ ಬಿದ್ದ, ತಾಯಿಯ ಮಡಿಲ ಹತ್ತಿರ, ಮೊರದ ಮೇಲೆಯೇ ಕೈಯೂರಿ ಏಳಲು ನೋಡಿದ, ಕಾಲು ಬೇರೆ ದಿಕ್ಕಿಗೆ ತಿರುಗಿತ್ತು, ಉರುಳಿ ಅಂಗಳಕ್ಕೆ ಬಿದ್ದ. ಕತ್ತಿ ನನ್ನ ಬೂಟಿನ ಕೆಳಗೆ.

ಎಂತಕೆ ಬಂದಿ, ಹಲ್ಲು ಕಚ್ಚಿಕೊಂಡು ನಕ್ಕ, ನೋವಿನಲ್ಲೂ ನಗುವವರಿದ್ದಾರೆ, ಅವ ಒಪ್ಕಂಡನಲ್ಲ, ನೀನೇ ಒಪ್ಸಿದ್ಯಲ್ಲ, ಕೇಸು ಮುಗೀತಲ್ಲ, ಅರ್ಧ ಕೆಲಸ ನಾ ಮಾಡ್ದೆ, ಇನ್ನರ್ಧ ನೀ ಮಾಡ್ದಿ, ಆ ರಿಕ್ಷಾದವಂಗೆ ಒಂದು ಕಣ್ಣಾರೂ ಎಂತಕೆ ಬಿಟ್ಟಿ. ಹೊಟ್ಟೆಯಿಂದ ಕಿವಿಗೆ ಆ ಬಿಸಿ ಏರಿತು. ಪಿಸ್ತೂಲನ್ನು ಅವನ ಹಣೆಗೆ ಇಟ್ಟೆ, ಒತ್ತಿದೆ, ಚರ್ಮದ ಮೇಲೆ ಉಂಗುರದ ಗುರುತು ಮೂಡುವಷ್ಟು, ನಗು ಹೋಯಿತು, ಅವನ ಕಣ್ಣು ಅಪ್ಪನ ಕಣ್ಣಾಯಿತು, ಬಾಗಿಲಲ್ಲಿ ಕೈಕಟ್ಟಿ ನಿಂತ ಅಪ್ಪ, ಇಪ್ಪತ್ತಾರು ವರ್ಷ ತಡವಾಗಿ ಬಂದಿದ್ದೇನೆ ಅಪ್ಪಾ, ಬೆರಳು ಟ್ರಿಗರಿನ ಮೇಲಿದೆ. ಹೊಡಿ ಅಂದಳು ನಾಗಮ್ಮ. ಜಗಲಿಯ ಮೇಲಿಂದ, ಎತ್ತರದ ದನಿಯಲ್ಲಲ್ಲ, ಗಂಜಿಗೆ ಉಪ್ಪು ಹಾಕು ಅನ್ನುವ ದನಿಯಲ್ಲಿ. ಹೊಡಿ ಅಮಾ, ಹೊಡ್ದು ಹಾಕು, ಅವನ್ನ ಹೆತ್ತ ಹೊಟ್ಟೆಯೇ ಹೇಳ್ತದೆ ಹೊಡಿ. ಅವ್ವೀ ಅಂದ ಕುಮಾರ, ಅಷ್ಟೇ, ಅವ್ವೀ. ಬೆರಳು ಇನ್ನೊಂದು ಕೂದಲೆಳೆಯಷ್ಟು ಒಳಗೆ. ಆಗ ತೆಂಗಿನ ಬುಡದಿಂದ ಶಿವಾನಂದ, ಹರಿದ ಕೈಯನ್ನು ಎದೆಗೆ ಒತ್ತಿ ಹಿಡಿದು ಕೂತವನು, ಮೂರು ದಿನದ ನಂತರ ಮೊದಲ ಸಲ ನನ್ನ ಮುಖವನ್ನು ನೇರ ನೋಡಿ, ಹೊಡೀರಿ ಮೇಡಂ, ಹೊಡೀಬೇಕಾದ್ರೆ ಹೊಡೀರಿ, ಆದ್ರೆ ಈ ಸಲ ನಾ ಬರೆಯೂದಿಲ್ಲ. ಕೈ ಕೆಳಗಿಳಿಯಿತು. ನಾನು ಇಳಿಸಿದೆನೋ ಅದೇ ಇಳಿಯಿತೋ. ಕುಮಾರನನ್ನು ಎಳೆದೊಯ್ದು ಅವನ ಬಲಗೈಯನ್ನು ಟೆಂಪೋದ ಚಕ್ರಕ್ಕೆ ಕೋಳ ಹಾಕಿದೆ, ಶಿವಾನಂದನ ಮುಂಗೈಗೆ ತಂತಿಯ ಮೇಲೆ ಒಣಗಿದ್ದ ಸೀರೆ ಹರಿದು ಸುತ್ತಿದೆ, ಎರಡು ಸುತ್ತಿಗೇ ಸೀರೆ ನೆನೆಯಿತು, ಮೂರು, ನಾಲ್ಕು, ಗಟ್ಟಿ ಕಟ್ಟಿದೆ, ಇನ್ನೊಂದು ತುಂಡು ಕುಮಾರನ ಮೊಣಕಾಲಿಗೂ, ಅದನ್ನೂ ಕಟ್ಟಿದೆ, ಸಾಯಬಾರದು ಇವನು, ಇಷ್ಟು ಸಲೀಸಾಗಿ ಸಾಯಬಾರದು. ಆಂಬುಲೆನ್ಸಿಗೆ ಹೇಳಿದೆ, ಅಂಕೋಲೆಯಿಂದ ಇಪ್ಪತ್ತು ನಿಮಿಷ ಅಂದರು.

ಜಗಲಿಗೆ ಬಂದು ನಾಗಮ್ಮನ ಎದುರು ಕೂತೆ. ಕುಕ್ಕರುಗಾಲಲ್ಲಿ. ನಾನು ಹೊಡೆಯುವುದಿಲ್ಲ, ನೀವು ಹೇಳಬೇಕು, ಕೋರ್ಟಿನಲ್ಲಿ ನಿಂತು ಕಂಡದ್ದು ಹೇಳಬೇಕು, ನೀವು ಹೇಳದಿದ್ದರೆ ಇವನು ಹೊರಗೆ ಬರುತ್ತಾನೆ, ಕಣ್ಣು ಹೋದವನು ಒಳಗೆ ಹೋಗುತ್ತಾನೆ. ಅವಳು ಮೊರವನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಅಕ್ಕಿಯ ಒಂದು ಮಗ್ಗುಲೆಲ್ಲ ಕೆಂಪು, ಇನ್ನೊಂದು ಮಗ್ಗುಲು ಬಿಳಿ, ನಡುವೆ ಕುಮಾರನ ಅಂಗೈಯ ಅಚ್ಚು, ಐದೂ ಬೆರಳು. ಅವಳು ಆರಿಸುತ್ತಿದ್ದಳು, ಕಲ್ಲನ್ನಲ್ಲ, ಬಿಳಿಯೊಳಗೆ ಸೇರಿದ ಕೆಂಪು ಕಾಳುಗಳನ್ನು, ಒಂದೊಂದಾಗಿ. ನೀ ಹೇಳ್ತ್ಯಾ ಅಂದಳು, ತಲೆ ಎತ್ತದೆ, ಆ ಹುಡುಗನ ಕಣ್ಣು ಯಾರು ತೆಗ್ದದ್ದು ಅಂದ್ಕಂಡು ನೀ ಹೇಳ್ತ್ಯಾ ಅಮಾ, ಕಲ್ಲಿನ ಮೇಲೆ ಬಿದ್ದ ಅಂದ್ರು ನಿಮ್ಮವರು, ನಮ್ಮ ಕೂಸೂ ಹಂಗೇ ಬಿತ್ತು ಅಂದ್ಕಂಡು ನಾ ಹೇಳ್ಬೋದಲ್ಲ, ಮೆಟ್ಟಿಲ ಹತ್ತೂವಾಗ ಬಿತ್ತು ಅಂದ್ರೆ ಯಾರು ಇಲ್ಲ ಅಂತ್ರು. ಇಲ್ಲ ಅನ್ನುವವರು ಯಾರೂ ಇಲ್ಲ ನಾಗಮ್ಮಾ, ಯಾರೂ ಇರುವುದಿಲ್ಲ, ನನಗೆ ಗೊತ್ತು, ಇಪ್ಪತ್ತಾರು ವರ್ಷದಿಂದ ನನಗೆ ಗೊತ್ತು — ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಫೋನು ತೆಗೆದೆ, ಪರದೆಯ ಮೇಲೆ ರಕ್ತ, ಪ್ಯಾಂಟಿಗೆ ಒರೆಸಿದೆ, ಒತ್ತಿದೆ, ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಸಾರ್, ವಿನುತಾ, ಬೆಳಂಬಾರದಿಂದ, ಕುಮಾರ ಸಿಕ್ಕಿದ್ದಾನೆ, ಶಿವಾನಂದರಿಗೆ ಕತ್ತಿ ಏಟು, ನಾನು ಗುಂಡು ಹಾರಿಸಿದ್ದೇನೆ, ಇನ್ನೊಂದು ವಿಷಯ, ರವಿಕಿರಣ ಬೀಳಲಿಲ್ಲ ಸಾರ್. ಏನು. ಅವನು ಕಾಲು ಜಾರಿ ಬೀಳಲಿಲ್ಲ, ಕೈಕೋಳ ಸುತ್ತಿಕೊಂಡು ನಾನು ಹೊಡೆದೆ, ಕಣ್ಣು ಹೋದದ್ದು ನನ್ನ ಏಟಿಗೆ, ವರದಿ ಸುಳ್ಳು, ಬರೆಸಿದ್ದು ನಾನು, ಬರೆದವರ ತಪ್ಪಿಲ್ಲ. ವಿನುತಾ, ಫೋನ್ ಇಡು, ಈಗ ಇದನ್ನ ಮಾತಾಡಬೇಡ, ಕೆಲಸ ಹೋಗ್ತದೆ, ಕೆಲಸವಷ್ಟೇ ಅಲ್ಲ, ನೀನೇ ಒಳಗೆ ಹೋಗ್ತೀಯ. ಹೌದು ಸಾರ್ ಅಂದೆ. ಫೋನ್ ಇಟ್ಟೆ. ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಆಗಲಿಲ್ಲ, ಭುಜದ ಗಾಯ ಈಗ ಉರಿಯತೊಡಗಿತು, ಅಷ್ಟೇ.

ನಾಗಮ್ಮನ ಕೈ ನಿಂತಿತು. ಮೊರದ ನಡುವೆ, ಎರಡು ಬೆರಳಲ್ಲಿ ಒಂದು ಕಾಳು ಹಿಡಿದುಕೊಂಡು. ಆಯ್ತವಾರ ಮೂರು ಗಂಟೆಗೆ ಬಂದಿತ್ತು ಕೂಸು ಅಂದಳು, ನಂಗೆ ಅಂತ ಸೀರೆ ತಂದಿತ್ತು, ಆ ನೀ ಹರ್ದಿಯಲ್ಲ, ಅದೇ. ನಾನು ತೆಂಗಿನ ಬುಡದ ಕಡೆ ನೋಡಿದೆ, ಶಿವಾನಂದನ ಕೈಯ ಹಳದಿ ಸೀರೆ, ಈಗ ಹಳದಿಯಲ್ಲ. ಮದ್ವಿ ಆಗ್ತೆ ಅವ್ವೀ ಅಂತು, ಇವ ಉಂಬೂಕೆ ಕೂತಿದ್ದ, ಎಂಜಲ ಕೈಯಲ್ಲೇ ಎದ್ದ, ಜಡಿ ಹಿಡಿದು ಈ ಮೆಟ್ಟಿಲಿಗೇ, ನಾ ಅವನ ಕಾಲು ಹಿಡ್ಕಂಡೆ, ಹಿಡ್ಕಂಡೇ ಇದ್ದೆ, ಬಿಡ್ಲಿಲ್ಲ ಅವ, ಎಷ್ಟು ಸಲ ಅಂತ ನಂಗೆ ಎಣಿಸೂಕೆ ಬರ್ಲಿಲ್ಲ, ಆಮೇಲೆ ಸಾರಿಸು ಅಂದ, ಸಾರಿಸ್ದೆ, ಅದರ ಕೂದ್ಲು ಸೆಗಣಿಯಲ್ಲಿ ಬಂತು, ಅದ್ನೂ ಸಾರಿಸ್ದೆ, ಹೊತ್ತು ಮುಳುಗಿ ಕಪ್ಪಾಗೂದ್ರೊಳಗೆ ಹೊತ್ಕಂಡು ಹೋದ ಟೆಂಪೋದಲ್ಲಿ, ನಾ ಗಂಜಿ ಕಾಯಿಸ್ದೆ, ಬಂದು ಉಂಡ. ಹೇಳ್ತೆ, ಕೋರ್ಟಲ್ಲೂ ಹೀಂಗೇ ಹೇಳ್ತೆ, ನೀ ಹೇಳ್ದಿಯಲ್ಲ, ನಾನೂ ಹೇಳ್ತೆ. ಅಂಗಳದಿಂದ ಕುಮಾರ ಅವ್ವೀ ಸುಮ್ನಿರು ಎಂದು ಕೂಗಿದ, ಇನ್ನೊಮ್ಮೆ ಕೂಗಿದ, ಆಮೇಲೆ ಅಳತೊಡಗಿದ, ದೊಡ್ಡ ಗಂಡಸು, ಚಕ್ರಕ್ಕೆ ಹಣೆ ಒತ್ತಿ. ಅವಳು ತಿರುಗಿ ನೋಡಲಿಲ್ಲ. ಕೈ ಮತ್ತೆ ಮೊರಕ್ಕೆ ಇಳಿಯಿತು. ದೂರದಲ್ಲಿ ಆಂಬುಲೆನ್ಸಿನ ಕೂಗು, ಗದ್ದೆಯ ಆಚೆ, ನಾನು ಏಳಬೇಕು, ದಾರಿ ತೋರಿಸಬೇಕು, ಶಿವಾನಂದನನ್ನು ಮೊದಲು ಹತ್ತಿಸಬೇಕು, ಅವಳ ಹೇಳಿಕೆ ಬರೆದುಕೊಳ್ಳಬೇಕು, ನನ್ನದನ್ನೂ, ಏಳುತ್ತಿಲ್ಲ, ಕಣ್ಣು ಮೊರದಿಂದ ಮೇಲೆ ಬರುತ್ತಿಲ್ಲ, ಕೆಂಪು ಕಾಳನ್ನು ಆರಿಸುತ್ತಾಳೆ, ಎಸೆಯುವುದಿಲ್ಲ, ಎಡಗೈ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾಳೆ, ಇನ್ನೊಂದು, ಅದೂ ಮುಷ್ಟಿಯೊಳಗೆ, ಎಸೆಯುವುದಿಲ್ಲ, ಬೆರಳ ಸಂದಿಯಿಂದ ಕೆಂಪು ಜಿನುಗುತ್ತಿದೆ, ಮುಷ್ಟಿ ತುಂಬಿದೆ, ಬಿಚ್ಚುವುದಿಲ್ಲ, ಇನ್ನೊಂದು ಕಾಳು, ಇನ್ನೊಂದು